ಇಷ್ಟಪಟ್ಟು ಬಂದವರು

ಚೆನ್ನಕೇಶವ ಮೇಷ್ಟ್ರಿಗೆ ಪದಗಳ ಹುಚ್ಚು. ಬಾಗಲೂರಿಗೆ ಮೂರು ಮೈಲಿ ದೂರದ ಮುತ್ತುಗದೊಡ್ಡಿಯ ಶಾಲೆಗೆ ಅವನು ಕೃಷ್ಣಗಿರಿಯಿಂದ ಬಂದು ಎರಡು ವರ್ಷವಾಗಿತ್ತು. ಇಡೀ ಶಾಲೆಗೆ ಅವನೊಬ್ಬನೇ. ಮದುವೆಯಾಗಿರಲಿಲ್ಲ. ಪಟೇಲ ರಾಮಕೃಷ್ಣಪ್ಪನ ಹಿತ್ತಲ ಕೋಣೆಯಲ್ಲಿ ವಾಸ, ಪಟೇಲನ ಮನೆಯಲ್ಲೇ ಎರಡು ಹೊತ್ತಿನ ಊಟ. ಸಂಜೆಯಾದರೆ ಅರಳಿಕಟ್ಟೆಯ ಮೇಲೆ ಊರವರ ಮಾತಿಗೆ ಕಿವಿಗೊಟ್ಟು ಕೂರುತ್ತಿದ್ದ. ಒಂದೇ ಪದ ಕನ್ನಡದವರ ಬಾಯಲ್ಲಿ ಹೇಗೆ, ತೆಲುಗಿನವರ ಬಾಯಲ್ಲಿ ಹೇಗೆ, ತಮಿಳಿನವರ ಬಾಯಲ್ಲಿ ಹೇಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಊರವರು ನಗುತ್ತಿದ್ದರು. ಅವನಿಗೆ ಬೇಸರವಿರಲಿಲ್ಲ.

ಸಾವಿರದ ಒಂಬೈನೂರ ನಲವತ್ನಾಲ್ಕರ ಮಾಘ ಮಾಸ. ಕಣದ ಕೆಲಸ ಮುಗಿದಿತ್ತು. ಪಟೇಲ ಒಂದು ಇಂಗ್ಲಿಷ್ ಕಾಗದ ಹಿಡಿದುಕೊಂಡು ಮೇಷ್ಟ್ರ ಕೋಣೆಗೆ ಬಂದ.

"ಊರಿಂದ ಬಾಗಲೂರು ರಸ್ತೆಗಂಟ ದಾರಿ ಆಗ್ಬೇಕಂತೆ ಮೇಷ್ಟ್ರೇ. ನಮ್ ಕಾಡಿನ ಸೌದೆ, ಇದ್ಲು ಯುದ್ಧದ ಲಾರೀಲಿ ಹೋಗ್ಬೇಕಂತೆ. ಕೂಲಿಗೆ ಕಾಸಿಲ್ಲ. ಅದಿರ್ಲಿ, ಬಿಟ್ಟೀನೂ ಮಾಡಿಸ್ಬಾರ್ದು ಅಂತ ಬರ್ದವ್ರಂತೆ. ಹಂಗಾದ್ರೆ ಯಾರು ಮಾಡ್ತಾರೆ, ದೆವ್ವ ಮಾಡ್ತವಾ? ಸರಿಯಾಗಿ ಓದಿ."

ಚೆನ್ನಕೇಶವ ಓದಿದ. "ಜನ ಇಷ್ಟಪಟ್ಟು, ತಾವಾಗಿ ಮುಂದೆ ಬಂದು ಮಾಡ್ಬೇಕು ಅಂತಿದೆ ಪಟೇಲ್ರೇ. ಯಾರನ್ನೂ ಬಲವಂತ ಮಾಡೋ ಹಾಗಿಲ್ಲ."

"ಅದಕ್ಕೇನಾದ್ರೂ ಹೆಸರೈತಾ?"

ಹೆಸರು ಕೇಳಿದ್ದೇ ತಡ, ಮೇಷ್ಟ್ರ ಮುಖ ಅರಳಿತು. "ಸ್ವಯಂಸೇವೆ. ಸ್ವಯಂ ಅಂದ್ರೆ ತಾನೇ, ತನ್ನಷ್ಟಕ್ಕೆ. ಯಾರೂ ಹೇಳದೆ ತಾನಾಗಿ ಮಾಡೋ ಸೇವೆ. ಬಿಟ್ಟಿ ಇದಕ್ಕೆ ಪೂರಾ ಉಲ್ಟಾ. ಸಂಸ್ಕೃತದಲ್ಲಿ ವಿಷ್ಟಿ ಅಂತಾರೆ. ಹಿಂದೆ ರಾಜರಿಗೆ ಕಂದಾಯದ ಹಾಗೆ ಮೈಕೆಲಸಾನೂ ಕೊಡ್ಬೇಕಿತ್ತು. ಆ ವಿಷ್ಟಿ ಸವೆದು ಕನ್ನಡದಲ್ಲಿ ಬಿಟ್ಟಿ ಆಯ್ತು. ತಮಿಳಲ್ಲೂ ತೆಲುಗಲ್ಲೂ ವೆಟ್ಟಿ. ತಮಾಷೆ ನೋಡಿ, ಮಾಡೋನ ಪಾಲಿಗೆ ಅದು ಬಲವಂತ. ಮಾಡಿಸ್ಕೊಂಡೋನ ಬಾಯಲ್ಲಿ ಬಿಟ್ಟಿ ಅಂದ್ರೆ ಪುಕ್ಕಟೆ ಸಿಕ್ಕಿದ್ದು."

ಪಟೇಲನಿಗೆ ತಮಾಷೆ ಕಾಣಲಿಲ್ಲ. ಆದರೆ ಮೊದಲ ಪದ ಹಿಡಿಸಿತು. ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದ. "ಸ್ವಯಂಸೇವೆ. ಚೆನ್ನಾಗೈತೆ. ಅದ್ನೇ ದಪ್ಪಕ್ಷರದಲ್ಲಿ ಬರ್ದು ಒಂದು ಕಾಗ್ದ ಮಾಡಿ. ಕೆಳ್ಗೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರಾಯ್ತು."

ದಾರಿ ಮುಗಿದ ಮೇಲೆ ಜಿಲ್ಲೆಯ ಬಿಳಿ ದೊರೆ ನೋಡಲು ಬರುತ್ತಾನೆ, ಚೆನ್ನಾಗಿ ಮಾಡಿಸಿದ ಪಟೇಲನಿಗೆ ಪದಕ ಕೊಡುತ್ತಾನೆ ಎಂದೂ ಆ ಇಂಗ್ಲಿಷ್ ಕಾಗದದಲ್ಲಿತ್ತು.

ಮಾರನೆಯ ದಿನ ನಲವತ್ತು ಜನರನ್ನು ಶಾಲೆಯ ಮುಂದೆ ಸಾಲು ನಿಲ್ಲಿಸಿದರು. ಮೇಷ್ಟ್ರು ಒಬ್ಬೊಬ್ಬರ ಹೆಬ್ಬೆರಳಿಗೂ ಮಸಿ ಹಚ್ಚಿ ಒತ್ತಿಸಿದ. ಕೊನೆಗೆ ಬಂದವನು ಊರ ತೋಟಿ ಕದಿರಪ್ಪ. ಊರಿಗೆ ಬಂದ ಅಧಿಕಾರಿಗಳ ಗಂಟು ಹೊರುವುದು, ಅವರ ಕುದುರೆಗೆ ಹುಲ್ಲು ತರುವುದು, ಸುದ್ದಿ ಒಯ್ಯುವುದು, ಇವೆಲ್ಲ ಅವನ ಅಪ್ಪನ, ತಾತನ ಕಾಲದಿಂದ ಅವನ ಮನೆಗೇ ಬಿದ್ದ ಕೆಲಸ.

"ಇದ್ರಲ್ಲಿ ಏನ್ ಬರ್ದೈತೆ ಸಾಮಿ?"

"ನೀನು ನಿನ್ನಿಷ್ಟದಿಂದ ಕೆಲಸಕ್ಕೆ ಬರ್ತಿದೀಯ ಅಂತ."

"ಇಷ್ಟ ಇಲ್ದಿದ್ರೆ?"

ಮೇಷ್ಟ್ರು ನಕ್ಕ. "ಇಷ್ಟ ಇಲ್ದಿದ್ರೆ ಬರಬೇಕಾಗಿಲ್ಲ. ಈ ಪದದ ಅರ್ಥಾನೇ ಅದು ಕಣಯ್ಯ."

ಕದಿರಪ್ಪ ಆ ಮಾತನ್ನು ನಂಬಿದ. ಓದಿದವರು ಕಾಗದ ನೋಡಿಕೊಂಡು ಹೇಳಿದ್ದು ಸುಳ್ಳಾಗುತ್ತದೆ ಎಂದು ಅವನಿಗೆ ಅನಿಸಲಿಲ್ಲ. ಅವನ ಹೆಂಡತಿ ಮುನಿಗಂಗಮ್ಮ ಹೆತ್ತು ಹನ್ನೊಂದು ದಿನವಾಗಿತ್ತು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಮನೆಯಲ್ಲಿ ಬೇರೆ ಹೆಣ್ಣು ದಿಕ್ಕಿರಲಿಲ್ಲ. ಕೆಲಸ ಶುರುವಾದ ಬೆಳಿಗ್ಗೆ ಅವನು ಹೋಗದೆ, ಒಲೆ ಮುಂದೆ ಕೂತು ಅವಳಿಗೆ ಗಂಜಿ ಕಾಯಿಸಿದ. ಅವನ ಜೀವಮಾನದಲ್ಲಿ ಹಾಗೆ ಉಳಿದದ್ದು ಅದೇ ಮೊದಲು.

ಗಂಜಿ ಇಳಿಸುವ ಮೊದಲೇ ಪಟೇಲನ ಆಳು ಆವುಲಪ್ಪ ಬಂದು ಅವನನ್ನು ರೆಟ್ಟೆ ಹಿಡಿದು ಎಳೆದುಕೊಂಡು ಹೋದ.

ದಾರಿಯ ಕೆಲಸದ ಹತ್ತಿರ ಪಟೇಲ ಹುಣಸೆ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಮೇಷ್ಟ್ರು ಹಾಜರಿ ಬರೆಯುತ್ತಿದ್ದ.

"ಯಾಕ್ಲಾ ಬರ್ಲಿಲ್ಲ?"

"ಎಂಗ್ಸಿಗೆ ಜ್ವರ ಬುದ್ಧಿ, ಬಾಣಂತಿ. ಇಷ್ಟ ಇಲ್ದಿದ್ರೆ ಬರಬೇಕಾಗಿಲ್ಲ ಅಂತ ಮೇಷ್ಟ್ರು ಹೇಳವ್ರೆ."

ಗುದ್ದಲಿಗಳ ಸದ್ದು ನಿಂತಿತು. ಪಟೇಲ ಮೆಲ್ಲಗೆ ಮೇಷ್ಟ್ರ ಕಡೆ ತಿರುಗಿದ. "ಹೇಳಿದ್ರಾ?"

ಚೆನ್ನಕೇಶವ ಹಾಜರಿ ಪುಸ್ತಕ ಮುಚ್ಚಿದ. ನಲವತ್ತು ಜನ ಅವನನ್ನೇ ನೋಡುತ್ತಿದ್ದರು. "ನಾನು ಹಾಗೆ ಹೇಳ್ಲಿಲ್ಲ ಪಟೇಲ್ರೇ. ಪದದ ಅರ್ಥ ಹೇಳಿದೆ, ಅಷ್ಟೇ."

ಕದಿರಪ್ಪ ಮಸಿ ಇನ್ನೂ ಹೋಗಿರದ ತನ್ನ ಹೆಬ್ಬೆರಳನ್ನು ನೋಡಿಕೊಂಡ.

ಅವನನ್ನು ಬಿಸಿಲಲ್ಲಿ ಸೊಂಟದ ಮಟ್ಟಕ್ಕೆ ಬಗ್ಗಿಸಿ, ಕಾಲಿನ ಹೆಬ್ಬೆರಳುಗಳನ್ನು ಹಿಡಿಸಿ, ಬೆನ್ನ ಮೇಲೆ ಚಪ್ಪಡಿ ಕಲ್ಲು ಇಟ್ಟರು. ಕಲ್ಲು ಬಿದ್ದರೆ ಇನ್ನೊಂದು ಇಡುವುದಾಗಿ ಪಟೇಲ ಹೇಳಿದ. ಆಮೇಲೆ ಮೇಷ್ಟ್ರ ಕಡೆ ನೋಡಿ, "ಆ ಕಾಗ್ದ ಇನ್ನೊಂದ್ಸಲ ಓದಿ. ಎಲ್ರೂ ಕೇಳಿಸ್ಕೊಳ್ಲಿ," ಎಂದ. ಮೇಷ್ಟ್ರು ಎದ್ದು ನಿಂತು ಓದಿದ. "ಈ ಗ್ರಾಮದ ನಾವು ಯಾರ ಒತ್ತಾಯವೂ ಇಲ್ಲದೆ, ಸಂತೋಷದಿಂದ..." ಮುಂದಿನ ಸಾಲಿಗೆ ಬಂದಾಗ ಪಟೇಲ, "ಇನ್ನೂ ಗಟ್ಟಿಯಾಗಿ," ಎಂದ. ಅವನು ಗಟ್ಟಿಯಾಗಿಯೇ ಓದಿದ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಸುದ್ದಿ ಮುನಿಗಂಗಮ್ಮನಿಗೆ ಮುಟ್ಟಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಎದೆಗೆ ಕಟ್ಟಿಕೊಂಡು ಅವಳು ನಡೆದು ಬಂದಳು. ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದಳು. ಗಂಡನ ಮುಖದಿಂದ ಮಣ್ಣಿಗೆ ತೊಟ್ಟಿಕ್ಕುವ ಬೆವರನ್ನು ಒಮ್ಮೆ ನೋಡಿ, ಪಟೇಲನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅವ್ನ್ನ ಬುಟ್ಬುಡಿ ಬುದ್ಧಿ. ಅವ್ನ ಪಾಲಿಂದು ನಾನ್ ಮಾಡ್ತೀನಿ."

"ನಿನ್ನ ಯಾರು ಕರೆದ್ರು?"

"ಯಾರೂ ಕರೀಲಿಲ್ಲ. ನಾನೇ ಬಂದೆ."

ಪಟೇಲ ತೊಡೆ ತಟ್ಟಿ ನಕ್ಕ. "ನೋಡಿ ಮೇಷ್ಟ್ರೇ, ಇದಪ್ಪ ಸ್ವಯಂಸೇವೆ! ತಾನಾಗಿ ಬಂದೋಳ್ನ ಬ್ಯಾಡ ಅನ್ನೋಕಾಯ್ತದಾ? ಒತ್ತಿಸ್ಕೊಳ್ಳಿ ಹೆಬ್ಬೆಟ್ಟು."

ಅವಳ ಬೆರಳು ಹಿಡಿದಾಗ ಮೇಷ್ಟ್ರ ಕೈಗೆ ಬಿಸಿ ತಗುಲಿತು. ಜ್ವರ ಎಷ್ಟಿದೆ ಎಂಬುದು ಅಲ್ಲಿದ್ದವರಲ್ಲಿ ಅವನಿಗೆ ಮಾತ್ರ ಖಚಿತವಾಗಿ ತಿಳಿಯಿತು. ಅವನು ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದ.

ಕದಿರಪ್ಪನ ಬೆನ್ನಿಂದ ಕಲ್ಲು ಇಳಿಸಿದರು. ಅವನು ಸೊಂಟ ಹಿಡಿದುಕೊಂಡು ಏಳುತ್ತಿದ್ದಂತೆ ಆವುಲಪ್ಪ ಕೈಗೆ ಹಾರೆ ಕೊಟ್ಟ. ಮುನಿಗಂಗಮ್ಮ, "ಅವ್ನ ಬದ್ಲಿಗೆ ನಾನು ಬುದ್ಧಿ," ಎಂದಳು.

"ಕಾಗ್ದದಲ್ಲಿ ಬದ್ಲಿ ಅಂತ ಎಲ್ಲೈತೆ? ಗಂಡಂದೂ ಹೆಬ್ಬೆಟ್ಟೈತೆ, ನಿಂದೂ ಐತೆ. ನಡೀರಿ."

ಕೂಸನ್ನು ಹುಣಸೆ ಕೊಂಬೆಗೆ ಜೋಲಿ ಕಟ್ಟಿ ಮಲಗಿಸಿ ಅವಳು ಜಲ್ಲಿ ಹೊತ್ತಳು. ಅಂದು ಸಂಜೆವರೆಗೂ, ಮಾರನೆಯ ದಿನ ಪೂರ್ತಿಯೂ ಹೊತ್ತಳು. ಕದಿರಪ್ಪ ಅವಳ ಪುಟ್ಟಿಗೆ ಅರ್ಧವೇ ತುಂಬುತ್ತಿದ್ದ. ಆವುಲಪ್ಪ ಅದನ್ನು ಕಂಡುಹಿಡಿದು ತಾನೇ ನಿಂತು ತುಂಬಿಸಿದ. ಮೂರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಅವಳು ಪುಟ್ಟಿಯ ಸಮೇತ ಬಿದ್ದಳು. ಸೀರೆಯೆಲ್ಲ ರಕ್ತವಾಗಿತ್ತು. ಕದಿರಪ್ಪ ಎತ್ತಿಕೊಂಡು ಮನೆಯ ಕಡೆ ಓಡಿದ. ಪಟೇಲ ಕುರ್ಚಿಯಿಂದ ಏಳದೆ, "ಆ ಪುಟ್ಟಿ ಯಾರಾದ್ರೂ ತಗೊಳ್ರಲಾ," ಎಂದ.

ಸಂಜೆಯೊಳಗೆ ಅವಳು ಸತ್ತಳು. ಬೆಳಿಗ್ಗೆ ಮಣ್ಣು ಮಾಡಿ ಬಂದು ಇನ್ನೂ ಕಾಲು ತೊಳೆಯುತ್ತಿದ್ದಾಗಲೇ ಆವುಲಪ್ಪ ಬಾಗಿಲಲ್ಲಿ ನಿಂತಿದ್ದ. "ದೊರೆ ಬರೋಕೆ ಆರೇ ದಿನ ಐತೆ ಕಣ್ಲಾ. ಮಧ್ಯಾಹ್ನದಿಂದ ಬಾ ಅಂದವ್ರೆ." ಕೂಸಿಗೆ ಪಕ್ಕದ ಗುಡಿಸಲಿನ ಪಾಪಮ್ಮ ತನ್ನ ಮಗುವಿನ ಜೊತೆಗೆ ಹಾಲು ಕೊಟ್ಟಳು. ಕದಿರಪ್ಪ ಹೋದ.

ದೊರೆ ಬಂದ ದಿನ ಮಾವಿನ ತೋರಣ ಕಟ್ಟಿದ್ದರು. ದೊರೆ ಕೆಂಪಗೆ ಎತ್ತರಕ್ಕಿದ್ದ, ಮುಖದಲ್ಲಿ ದಣಿವಿತ್ತು, ಕೆಟ್ಟವನ ಹಾಗೆ ಕಾಣಲಿಲ್ಲ. ದಾರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ನೋಡಿದ. ಸಾಲಾಗಿ ನಿಂತ ಜನರಲ್ಲಿ ಕದಿರಪ್ಪನ ಮುಂದೆ ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿದ. ಊರಲ್ಲಿ ಇಂಗ್ಲಿಷ್ ಬಲ್ಲವನು ಮೇಷ್ಟ್ರೊಬ್ಬನೇ.

"ಇಷ್ಟಪಟ್ಟು ಬಂದೆಯಾ ಅಂತ ಕೇಳ್ತಿದಾರೆ," ಎಂದು ಮೇಷ್ಟ್ರು ನೆಲ ನೋಡುತ್ತಾ ಹೇಳಿದ.

ಕದಿರಪ್ಪ ಕೈಮುಗಿದ. ದೊರೆಯ ಮುಖವನ್ನೇ ನೋಡುತ್ತಾ, ಒಂದೊಂದೇ ಮಾತು ಬಿಡಿಸಿ ಹೇಳಿದ. "ನಾನು ಇಷ್ಟಪಟ್ಟು ಬರ್ಲಿಲ್ಲ ಅನ್ನಿ ಸಾಮಿ. ಬೆನ್ ಮ್ಯಾಲೆ ಕಲ್ಲು ಹೊರಿಸಿದ್ರು ಅನ್ನಿ. ನನ್ ಎಂಡ್ರು ಬಾಣಂತಿ, ಈ ದಾರಿಗೆ ಜಲ್ಲಿ ಹೊತ್ತು ಸತ್ಲು ಅನ್ನಿ. ಅಷ್ಟು ಹೇಳ್ಬುಡಿ, ಸಾಕು."

ಪಟೇಲ ದೊರೆಯ ಹಿಂದೆ ಹಾರ ಹಿಡಿದು ನಿಂತಿದ್ದ. ಅವನು ಮೇಷ್ಟ್ರನ್ನು ಗದರಲಿಲ್ಲ, ಕೆಕ್ಕರಿಸಲೂ ಇಲ್ಲ. ಸುಮ್ಮನೆ ನೋಡಿದ. ಚೆನ್ನಕೇಶವನಿಗೆ ತನ್ನ ಕೋಣೆ, ಮೇಷ್ಟ್ರ ಕೆಲಸ, ಕೃಷ್ಣಗಿರಿಯಲ್ಲಿದ್ದ ತಾಯಿ ಎಲ್ಲ ಒಟ್ಟಿಗೆ ನೆನಪಾದವು. ಅವನು ದೊರೆಗೆ ಇಂಗ್ಲಿಷಿನಲ್ಲಿ ಹೇಳಿದ: ಇವನು ಬಹಳ ಸಂತೋಷದಿಂದ ಬಂದನಂತೆ, ಇವನ ಹೆಂಡತಿಯೂ ಬಂದು ದುಡಿದಳಂತೆ.

ದೊರೆಯ ಮುಖ ಬೆಳಗಿತು. ಅವನು ನಕ್ಕು ಕದಿರಪ್ಪನ ಭುಜ ತಟ್ಟಿದ.

ಇಂಗ್ಲಿಷ್ ಬರದಿದ್ದರೂ ಕದಿರಪ್ಪನಿಗೆ ಆ ನಗು ಅರ್ಥವಾಯಿತು. ಹೆಂಡತಿ ಸತ್ತಳೆಂದು ಕೇಳಿ ಯಾರೂ ಹಾಗೆ ನಗುವುದಿಲ್ಲ. ಅವನು ಮುಗಿದ ಕೈ ಇಳಿಸಿದ. ಮೇಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ. ಪಟೇಲನಿಗೆ ಪದಕ ಸಿಕ್ಕಿತು.

ನಾಲ್ಕು ದಿನ ಕಳೆದು ಕದಿರಪ್ಪ ಕೂಸನ್ನು ಎತ್ತಿಕೊಂಡು ಕೋಲಾರದ ಚಿನ್ನದ ಗಣಿಯ ಕಡೆ ಹೊರಟುಹೋದ. ಅಲ್ಲಿ ಮುನಿಗಂಗಮ್ಮನ ಅಕ್ಕ ಇದ್ದಳು. ಕೂಸು ದಾರಿಯಲ್ಲೇ ಹೋಯಿತೆಂದು ಕೆಲವರು, ಬದುಕಿದೆಯೆಂದು ಕೆಲವರು ಹೇಳಿದರು. ವಿಚಾರಿಸಿ ಬಂದವರಿಲ್ಲ.

ಚೆನ್ನಕೇಶವನಿಗೆ ನಿದ್ದೆ ಹತ್ತದಾಯಿತು. ಅನ್ನ ಕಲಸಿದರೆ ಬೆರಳಿಗೆ ಆ ಬಿಸಿ ತಗುಲಿದಂತಾಗುತ್ತಿತ್ತು. ಕೊನೆಗೆ ನಡೆದದ್ದೆಲ್ಲವನ್ನೂ ಮೂರು ಪುಟ ಬರೆದು, ಹೆಸರು ಹಾಕದೆ, ಹೊಸೂರಿಗೆ ನಡೆದುಹೋಗಿ ಮೇಲಿನ ಅಧಿಕಾರಿಗಳ ವಿಳಾಸಕ್ಕೆ ಅಂಚೆಗೆ ಹಾಕಿ ಬಂದ. ಬರುವಾಗ ಎದೆ ಹಗುರವಾಗಿತ್ತು. ಎಷ್ಟೋ ದಿನದ ಮೇಲೆ ಶಾಲೆಯಲ್ಲಿ ಮಕ್ಕಳ ಜೊತೆ ನಗುನಗುತ್ತಾ ಪಾಠ ಮಾಡಿದ.

ಒಂದೂವರೆ ತಿಂಗಳಾದ ಮೇಲೆ ಪಟೇಲ ಅವನನ್ನು ಜಗಲಿಗೆ ಕರೆಸಿದ. ಪಟೇಲನ ಹೆಂಡತಿ ವರಲಕ್ಷ್ಮಮ್ಮ ಇಬ್ಬರಿಗೂ ಮಜ್ಜಿಗೆ ತಂದಿಟ್ಟಳು. ಪಟೇಲ ಒಂದು ಲಕೋಟೆ ಬಿಚ್ಚಿ ಮೂರು ಪುಟಗಳನ್ನು ಮುಂದೆ ಇಟ್ಟ. ಮೇಲಿನವರು ಅದನ್ನು ಕೆಳಗಿನವರಿಗೆ ಕಳಿಸಿ, ಅವರು ಇನ್ನೂ ಕೆಳಗಿನವರಿಗೆ ಕಳಿಸಿ, ಸ್ಥಳದಲ್ಲಿ ವಿಚಾರಣೆ ಮಾಡಿ ವರದಿ ಕಳಿಸತಕ್ಕದ್ದೆಂದು ಅದು ಗ್ರಾಮದ ಪಟೇಲನಿಗೇ ಬಂದಿತ್ತು.

"ಯಾರೋ ತರ್ಲೆ ನನ್ಮಗ ಬರ್ದವ್ನೆ ಮೇಷ್ಟ್ರೇ," ಎಂದ ಪಟೇಲ. "ಆದ್ರೂ ಕೈಬರಹ ನೋಡಿ, ಮುತ್ತಿನಂಗೈತೆ. ಹಾಜರಿ ಪುಸ್ತಕದಲ್ಲಿ ದಿನಾ ನೋಡೋ ಅಕ್ಷರದ ಹಂಗೇ ಕಾಣ್ತದೆ."

ಪಟೇಲ ಮಸಿ ದೌತಿಯನ್ನು ಚೆನ್ನಕೇಶವನ ಕಡೆ ಸರಿಸಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಇದಕ್ಕೊಂದು ಜವಾಬು ಬರೀಬೇಕು. ನಿಮಗೆ ಬಲವಂತ ಏನಿಲ್ಲ. ಇಷ್ಟ ಇದ್ರೆ ಬರೀರಿ."

ಚೆನ್ನಕೇಶವ ಲೇಖನಿ ತೆಗೆದುಕೊಂಡ. ಪಟೇಲ ಹೇಳುತ್ತಾ ಹೋದ, ಅವನು ಬರೆಯುತ್ತಾ ಹೋದ. ಅರ್ಜಿಯ ಸಂಗತಿಗಳನ್ನು ಕೂಲಂಕಷವಾಗಿ ವಿಚಾರಿಸಲಾಯಿತು. ಕದಿರಪ್ಪನಾಗಲಿ, ಮುನಿಗಂಗಮ್ಮನಾಗಲಿ, ಅಂಥ ಹೆಸರಿನವರು ಯಾರೂ ಈ ಗ್ರಾಮದಲ್ಲಿ ವಾಸವಿಲ್ಲ.

"ಸುಳ್ಳೇನಲ್ವಲ್ಲ?" ಎಂದು ಪಟೇಲ ಕೇಳಿದ.

"ಅಲ್ಲ," ಎಂದ ಮೇಷ್ಟ್ರು. ಮಸಿ ಆರಲೆಂದು ಕಾಗದದ ಮೇಲೆ ಊದಿದ.