ಎಡಕ್ಕೆ ವಾಲಿದ ಕುರ್ಚಿ

ನಮ್ಮ ಯಜಮಾನರು ಊರಿಗೆಲ್ಲ ಕೂರೋದಕ್ಕೆ ಮಾಡಿಕೊಟ್ಟವರು, ತಾವು ಮಾತ್ರ ಕೂತವರಲ್ಲ. ಸೋಫಾ, ಕುರ್ಚಿಗಳ ಹಳೇ ಬಟ್ಟೆ ಬಿಚ್ಚಿ, ಒಳಗಿನದನ್ನು ತೆಗೆದು, ಹೊಸದು ತುಂಬಿ ಕೊಡುವುದು ನಮ್ಮ ಅಂಗಡಿಯ ಕೆಲಸ. ಅವರು ತುಂಬುತ್ತಾರೆ, ನಾನು ಹೊಲಿಯುತ್ತೇನೆ. ಊಟ ಕೂಡ ಅವರದು ನಿಂತೇ. ಕೆಲಸದ ಮೇಜಿಗೆ ಸೊಂಟ ಆನಿಸಿಕೊಂಡು, ಬಾಯಲ್ಲಿ ಮೊಳೆ ಇಲ್ಲದ ಹೊತ್ತು ನೋಡಿಕೊಂಡು.

ನಾವು ಬಂದಾಗ ಈ ಕಣಿವೆಯಲ್ಲಿ ಇದ್ದದ್ದು ಒಂದು ರಸ್ತೆ, ಒಂದು ಪೆಟ್ರೋಲ್ ಬಂಕು, ನಮ್ಮ ಅಂಗಡಿ. ಈಗ ಎರಡೂ ಕಡೆಯ ದಿಬ್ಬಗಳ ಮೇಲೆ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಿವೆ. ಪಟ್ಟಣದಲ್ಲಿ ಕೆಲಸ ಮುಗಿಸಿದವರು ಗಾಳಿ ಚೆನ್ನಾಗಿದೆ ಅಂತ ಇಲ್ಲಿಗೆ ಬರುತ್ತಾರೆ. ಬರುವಾಗ ಹಳೇ ಸೋಫಾ ಹೊತ್ತು ತರುತ್ತಾರೆ. ಹೊಸ ಗೋಡೆ ಪಕ್ಕದಲ್ಲಿ ಅದು ಮಂಕು ಬಡಿದ ಹಾಗೆ ಕಾಣುತ್ತದೆ, ನಮಗೆ ಫೋನು ಬರುತ್ತದೆ. ಅವರೆಲ್ಲ ನಿವೃತ್ತರಾದಷ್ಟೂ ನಮಗೆ ಕೈತುಂಬ ಕೆಲಸ.

"ನೀವು ಯಾವಾಗ್ರೀ ನಿವೃತ್ತರಾಗೋದು? ಮಧ್ಯಾಹ್ನದ ಮೇಲಾದ್ರೂ ಬಾಗಿಲು ಹಾಕಬಾರ್ದಾ?" ಅಂತ ನಾನು ಆಗಾಗ ಕೆಣಕುತ್ತಿದ್ದೆ.

"ಬಾಗಿಲು ಹಾಕಿ ಏನ್ಮಾಡ್ಲಿ? ಕೂತು ನಿನ್ನ ಮುಖ ನೋಡ್ಲಾ?"

"ನೋಡಿದ್ರೆ ಕಣ್ಣೇನು ಉದುರಿ ಹೋಗಲ್ಲ."

ಅಷ್ಟರಲ್ಲಿ ನನ್ನ ಹೊಲಿಗೆ ಮಷೀನು ಓಡಲು ಶುರುವಾಗುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನಮ್ಮ ಸಂಸಾರದ ಮುಕ್ಕಾಲು ಪಾಲು ಮಾತು ಆ ಮಷೀನಿನ ಸದ್ದಲ್ಲೇ ಕಳೆದು ಹೋಗಿದೆ.

ಹೀಗಿರುವಾಗ ದಿಬ್ಬದ ತುದಿಯ ಮನೆಯ ಅಕ್ಕ ಒಂದು ಕುರ್ಚಿ ಕಳಿಸಿದರು. ಕೈಯಿರುವ, ಅಗಲವಾದ ಹಳೇ ಕುರ್ಚಿ. ಗಂಡ ಹೆಂಡತಿ ಇಬ್ಬರೂ ಆ ಮನೆ ಕಟ್ಟಿಸಿಕೊಂಡು ಬಂದವರು. ಬಂದು ವರ್ಷ ತುಂಬುವುದರೊಳಗೆ ಅವರ ಯಜಮಾನರು ತೀರಿಕೊಂಡರು. "ಬಟ್ಟೆ ಸವೆದು ಹೋಗಿದೆ, ಸ್ವಲ್ಪ ಸರಿ ಮಾಡಿಕೊಡಿ" ಅಂತ ಅಕ್ಕ ನಮ್ಮವರಿಗೆ ಫೋನಲ್ಲಿ ಹೇಳಿದ್ದರಂತೆ.

ಸರಿ ಮಾಡುವುದು ಅಂದರೆ ನಮ್ಮವರ ಪಾಲಿಗೆ ಒಂದೇ ಅರ್ಥ. ತಗ್ಗಿದ್ದರೆ ಎತ್ತುವುದು. ಆ ಕುರ್ಚಿಯ ಕೂರುವ ಜಾಗ ನಡುವೆ ಕುಸಿದು ಎಡಕ್ಕೆ ಇಳಿಜಾರಾಗಿತ್ತು. ನೋಡಿದ ಕೂಡಲೇ ಇವರ ಮೈ ಉರಿಯಿತು. ಹೊಸ ಪಟ್ಟಿ ಬಿಗಿದರು, ಸ್ಪ್ರಿಂಗ್ ಬದಲಾಯಿಸಿದರು, ಹಳೇ ಹತ್ತಿ ಎಲ್ಲ ಕಿತ್ತು ಕಸದ ಲಾರಿಗೆ ಹಾಕಿದರು, ಒಳ್ಳೆಯ ಫೋಮ್ ತುಂಬಿದರು. ಪಾಪ ಒಂಟಿ ಹೆಂಗಸು ಅಂತ ಬಟ್ಟೆಯ ಕೂಲಿಯಲ್ಲೇ ಅಷ್ಟೂ ಮಾಡಿದರು. ನಾನೂ ನೋಡಿ ಭೇಷ್ ಅಂದೆ.

ಅಕ್ಕ ತಾವೇ ಬಂದರು. ಕೂತರು. ಮುಳ್ಳು ಚುಚ್ಚಿದ ಹಾಗೆ ಎದ್ದು ನಿಂತರು.

"ಎಲ್ಲಿ ಹೋಯ್ತು?"

"ಏನಕ್ಕಾ?"

"ಆ ತಗ್ಗು."

ನಮ್ಮವರ ಮುಖ ಅರಳಿತು. "ಪೂರ್ತಿ ತೆಗೆದುಬಿಟ್ಟೆ ಅಕ್ಕ! ಇನ್ನು ನಿಮ್ಮ ಮೊಮ್ಮಕ್ಕಳು ಕುಣಿದ್ರೂ ಜಗ್ಗಲ್ಲ."

ಅಕ್ಕ ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ. ಕೈಚೀಲದ ಗುಂಡಿ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಅವರ ಬಟ್ಟೆ ಎಲ್ಲ ಕೊಟ್ಟುಬಿಟ್ಟೆ, ಚಪ್ಪಲಿ ಕೊಟ್ಟುಬಿಟ್ಟೆ. ಅವರು ಹೋದ ಮೇಲೆ ಸಂಜೆ ಹೊತ್ತು ಅವರ ಈ ಕುರ್ಚಿಯಲ್ಲಿ ನಾನು ಕೂತ್ಕೋತಿದ್ದೆ. ಕೂತ ತಕ್ಷಣ ಎಡಗಡೆಗೆ ಜಾರಿಸೋದು. ಅವರಿಗೆ ಕಿವಿ ಮಂದ, ನನಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸ ಇಲ್ಲ. ಅವರಿದ್ದಾಗ ಎಡಗಡೆ ನಾನು ಕೂತಿರ್ತಿದ್ದೆ, ನನ್ನ ಮಾತು ಕೇಳೋಕೆ ಅವರೇ ವಾಲ್ತಿದ್ರು. ಜೋರಾಗಿ ಹೇಳೇ ಅಂತ ಒಂದು ದಿನಾನೂ ಗದರಲಿಲ್ಲ." ಆಮೇಲೆ ನಮ್ಮ ಮುಖ ನೋಡಿ ತಾವೇ ನಕ್ಕರು. "ಹೋಗ್ಲಿ ಬಿಡಿ, ನಾನೇ ಹೇಳ್ಬೇಕಿತ್ತು. ತಂಗಿ ಮನೆಗೆ ಹೊರಟಿದೀನಿ, ತಿಂಗಳು ಕಳೆದು ಬರ್ತೀನಿ. ಇದನ್ನ ಯಾರಿಗಾದ್ರೂ ಬೇಕಿದ್ರೆ ಕೊಟ್ಟುಬಿಡಿ. ನೋಡ್ತಾ ಇರೋಕೆ ನನ್ನಿಂದಾಗಲ್ಲ."

ಅವರು ಹೋದ ಮೇಲೆ ನಮ್ಮವರು ಸುತ್ತಿಗೆ ಹಿಡಿದುಕೊಂಡು ನಿಂತೇ ಇದ್ದರು. ಗ್ರಾಹಕರ ಹತ್ತಿರ ಒಂದು ಮೊಳೆ ತಪ್ಪಿದೆ ಅಂತ ಅನ್ನಿಸಿಕೊಳ್ಳದ ಮನುಷ್ಯ.

ಮರುದಿನ ಬೆಳಗ್ಗೆ ಕುರ್ಚಿ ಮತ್ತೆ ಬಿಚ್ಚಿದರು. ಫೋಮನ್ನು ಚಾಕುವಿನಿಂದ ಕೆತ್ತಿ ತಗ್ಗು ಮಾಡಿ, "ಕೂತು ನೋಡು" ಅಂದರು. ಕೂತೆ.

"ಬಕೆಟ್ಟಿನಲ್ಲಿ ಇಳಿದ ಹಾಗಿದೆ."

"ಎಡಕ್ಕೆ ಜಾರಿಸುತ್ತಾ?"

"ಜಾರ್ಸಲ್ಲ ರೀ, ತಳ್ಳುತ್ತೆ."

ಅವರು ತಲೆ ಕೆರೆದುಕೊಂಡರು. "ಫೋಮಿನ ಬುದ್ಧಿಯೇ ಅಷ್ಟು. ಎದ್ದ ತಕ್ಷಣ ಕೂತವರನ್ನ ಮರೆತುಬಿಡುತ್ತೆ. ಹತ್ತಿನೇ ಬೇಕು. ಹತ್ತಿ ಮೇಲೆ ಯಾರಾದ್ರೂ ದಿನಾ ಕೂರ್ಬೇಕು."

ಫೋಮ್ ಕಿತ್ತು ಹತ್ತಿ ತುಂಬಿದರು. ಆದರೆ ಕೂರುವವರು ಯಾರು? ಅಕ್ಕನ ಯಜಮಾನರು ದಪ್ಪ ಆಳು. ಎದುರಿನ ಕಬ್ಬಿಣ ಸಿಮೆಂಟಿನ ಅಂಗಡಿಯವನು ಹೆಚ್ಚು ಕಡಿಮೆ ಅದೇ ಗಾತ್ರ. ಊರೆಲ್ಲ ಅವನನ್ನು ಸಿಮೆಂಟಣ್ಣ ಅನ್ನುವುದು. ಕರೆದು ವಿಷಯ ಹೇಳಿದೆವು.

"ನನ್ನ ಗಾತ್ರಕ್ಕೆ ಇವತ್ತು ಮರ್ಯಾದೆ ಸಿಕ್ತು ನೋಡಿ ಅತ್ತಿಗೆ" ಅಂತ ಖುಷಿಯಾಗಿ ಬಂದು ಕೂತ. ಆದರೆ ಕುರ್ಚಿ ಇಟ್ಟ ರೀತಿಗೆ ಅವನ ಅಂಗಡಿ ಬಲಗಡೆಗೆ ಬರುತ್ತಿತ್ತು. ಯಾರಾದರೂ ಗಿರಾಕಿ ಬಂದರೇನೋ ಅಂತ ಬಲಕ್ಕೆ ವಾಲಿ ವಾಲಿ ನೋಡುತ್ತಿದ್ದ.

"ಎಡಕ್ಕಪ್ಪಾ, ಎಡಕ್ಕೆ!"

"ಎಡಕ್ಕೆ ಗೋಡೆ ಇದೆ ಅತ್ತಿಗೆ. ಗೋಡೆ ಸಿಮೆಂಟ್ ತಗೊಳ್ಳುತ್ತಾ?"

ಕುರ್ಚಿ ತಿರುಗಿಸಿ ಇಟ್ಟೆವು, ಅವನ ಅಂಗಡಿ ಎಡಕ್ಕೆ ಬಂತು. ಎರಡು ಮಧ್ಯಾಹ್ನ ಸರಿಯಾಗಿ ಕೂತ. ಮೂರನೆಯ ದಿನ ದಿಬ್ಬದ ಹಿಂದೆ ಹೊಸ ಬಡಾವಣೆಗೆ ತಳಪಾಯ ಶುರುವಾಯಿತು. ಸಿಮೆಂಟಣ್ಣನ ಕಾಲಿಗೆ ಚಕ್ರ ಬಂತು, ಕುರ್ಚಿ ಖಾಲಿ ಬಿತ್ತು.

"ಇನ್ಯಾರು?" ಅಂದರು ನಮ್ಮವರು.

ನಾನು ಅವರನ್ನೇ ನೋಡಿದೆ.

"ನಾನಾ? ನನ್ನ ಮೈಯಲ್ಲಿ ಏನಿದೆ ಅಂತ? ಹತ್ತಿಗಿಂತ ಹಗುರ ಇದೀನಿ."

"ಹಗುರ ಇದ್ದವರು ಜಾಸ್ತಿ ಹೊತ್ತು ಕೂರ್ಬೇಕಪ್ಪ."

ಕೂತರು. ಪರೀಕ್ಷೆಗೆ ಕೂತ ಮಗುವಿನ ಹಾಗೆ, ಬೆನ್ನು ನೆಟ್ಟಗೆ. ಕಾಲು ಕುಣಿಸಿದರು, ಕೈಗೆ ಸುತ್ತಿಗೆ ಕೇಳಿದರು, ನಾನು ಕೊಡಲಿಲ್ಲ. ನನ್ನ ಮೋಡವನ್ನು, ಅಂದರೆ ಸ್ಟೂಲನ್ನು (ಅದಕ್ಕೆ ಬಿಳಿ ಬಟ್ಟೆ ಹಾಕಿದಂದಿನಿಂದ ಅವರು ಕರೆಯುವುದೇ ಹಾಗೆ) ಅವರ ಎಡಗಡೆಗೆ ಎಳೆದುಕೊಂಡೆ. ಮಷೀನು ಬಿಟ್ಟು ಕೈಹೊಲಿಗೆ ಹಿಡಿದೆ. ಸುಮ್ಮನೆ ಕೂತರೆ ಬೇಜಾರು ಅಂತ ಸಣ್ಣ ದನಿಯಲ್ಲಿ ಏನೇನೋ ಹೇಳುತ್ತಾ ಹೋದೆ. ರಸ್ತೆಯಲ್ಲಿ ಲಾರಿಗಳ ಸದ್ದು. ನಾನು ದನಿ ಏರಿಸಲಿಲ್ಲ.

"ಏನಂದೆ?"

ಮತ್ತೆ ಅಷ್ಟೇ ಮೆಲ್ಲಗೆ ಹೇಳಿದೆ. ಅವರು ವಾಲಿದರು.

ಹೀಗೆ ದಿನಾ ಮಧ್ಯಾಹ್ನದ ಮೇಲೆ ನಮ್ಮ ಕೆಲಸ ಅದೇ ಆಯಿತು. ಹೊಸ ಬಡಾವಣೆಯ ಮ್ಯಾನೇಜರು ಒಂದು ದಿನ ಕುರ್ಚಿಗಳ ಕೆಲಸ ಒಪ್ಪಿಸಲು ಅವಸರದಲ್ಲಿ ಬಂದವನು ಬಾಗಿಲಲ್ಲೇ ಬೆಚ್ಚಿ ನಿಂತ. "ಏನ್ ಸಾರ್, ಕೂತಿದೀರಾ? ಹುಷಾರಿಲ್ವಾ?"

"ಕಣ್ಣು ಕಾಣ್ಸಲ್ವಾ? ಕೆಲಸದಲ್ಲಿದೀನಿ. ಬೆಳಗ್ಗೆ ಬನ್ನಿ."

ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಹೂಂ, ನಿಮ್ಮ ಚಿಕ್ಕಮ್ಮ ಕಾರು ಕಲಿತದ್ದು ಹೇಳ್ತಿದ್ದೆ ನೀನು" ಅಂದರು.

ನಮ್ಮ ಚಿಕ್ಕಮ್ಮ ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಕಾರು ಕಲಿತದ್ದು, ಮೊದಲ ದಿನವೇ ಕ್ಷೌರದಂಗಡಿಯ ಬಾಗಿಲು ಮುರಿದು ಒಳಗೆ ನುಗ್ಗಿದ್ದು, ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡವನೊಬ್ಬ ಎದ್ದು ಓಡಿದ್ದು, ಎಲ್ಲ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇಷ್ಟು ವರ್ಷ ಇದನ್ನ ನನಗ್ಯಾಕೆ ಹೇಳಿಲ್ಲ ನೀನು?"

"ಹೇಳಿದೀನಿ ರೀ. ಮಷೀನು ಓಡ್ತಿತ್ತು."

ಅವರು ಇನ್ನಷ್ಟು ವಾಲಿ, "ಆಮೇಲೆ?" ಅಂದರು. ಅಷ್ಟರಲ್ಲಿ ಹೊರಗೆ ಟ್ಯಾಕ್ಸಿಯ ಬಾಗಿಲು ಸದ್ದಾಯಿತು. ದಿಬ್ಬದ ಮನೆಯ ಅಕ್ಕ, ತಂಗಿ ಮನೆಯಿಂದ ನೇರ ಇಲ್ಲಿಗೇ, ಕೈಯಲ್ಲಿ ಪೆಟ್ಟಿಗೆ ಸಮೇತ.

"ಇನ್ನೂ ಕೊಟ್ಟಿಲ್ವಾ ಇದನ್ನ?"

ನಮ್ಮವರು ತಟ್ಟನೆ ಎದ್ದರು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ. "ಅಕ್ಕ, ಒಂದ್ಸಲ ಕೂತು ನೋಡಿ. ಹಿಡಿಸದಿದ್ರೆ ಇವತ್ತೇ ಕೊಟ್ಟುಬಿಡ್ತೀನಿ."

ಅಕ್ಕ ಪೆಟ್ಟಿಗೆ ಕೆಳಗಿಟ್ಟರು. ಕೂತರು. ನನ್ನ ಸೂಜಿ ಬಟ್ಟೆಯೊಳಗೆ ನಿಂತುಬಿಟ್ಟಿತು.

ಕಣ್ಣು ಮುಚ್ಚಿಕೊಂಡರು. ಮೈ ಸಡಿಲ ಬಿಟ್ಟರು. ಮೆಲ್ಲಗೆ, ತೀರ ಮೆಲ್ಲಗೆ, ಎಡಕ್ಕೆ ಜಾರಿದರು.

"ಇದು ಅವರದಲ್ಲ" ಅಂದರು.

ನಮ್ಮವರು ತಲೆ ತಗ್ಗಿಸಿದರು.

"ಅವರು ದಪ್ಪ ಇದ್ರು. ಇದು ಯಾರೋ ಕಡ್ಡಿ ಪೈಲ್ವಾನರ ತಗ್ಗು." ಕಣ್ಣು ತೆರೆದು ಇವರನ್ನೂ ನನ್ನನ್ನೂ ನೋಡಿದರು, ಬಿಳಿ ಸ್ಟೂಲನ್ನೂ ನೋಡಿದರು. ನನಗೆ ಹೇಳಿದರು, "ಜೋರಾಗಿ ಮಾತಾಡಿಲ್ಲ ನೀವು."

"ಇಲ್ಲ ಅಕ್ಕ."

ಅವರು ಕುರ್ಚಿಯ ಎಡಗೈಯನ್ನು ಸವರಿದರು, ಬೆಕ್ಕಿನ ಬೆನ್ನು ಸವರಿದ ಹಾಗೆ. ಬಹಳ ಹೊತ್ತು. ಕೊನೆಗೆ, "ನಾಳೆ ಮನೆಗೆ ಕಳ್ಸಿಕೊಡಿ. ಮಿಕ್ಕಿದ್ದು ನಾನು ಕೂತು ಮಾಡ್ಕೋತೀನಿ. ತಂಗಿ ಮನೇಲಿ ತಿಂದು ತಿಂದು ನಾನೂ ದಪ್ಪ ಆಗಿದೀನಿ" ಅಂದರು. ಆಗ ಮಾತ್ರ ಅವರ ದನಿ ಒಡೆಯಿತು.

ಮರುದಿನ ಬೆಳಗ್ಗೆ ಸಿಮೆಂಟಣ್ಣನ ಗಾಡಿಯಲ್ಲಿ ಕುರ್ಚಿ ದಿಬ್ಬ ಹತ್ತಿತು. ಮಧ್ಯಾಹ್ನ ನಾನು ಹಳೇ ರೂಢಿಯಂತೆ ಮಷೀನಿಗೆ ದಾರ ಪೋಣಿಸಿ ಕೂತೆ. ಬಡಾವಣೆಯವರ ಕುರ್ಚಿಗಳು ಗೋಡೆಯ ಉದ್ದಕ್ಕೂ ಸಾಲಾಗಿ ಕಾಯುತ್ತಿದ್ದವು. ನಮ್ಮವರು ಸುತ್ತಿಗೆ ತೆಗೆದುಕೊಂಡರು, ಇಟ್ಟರು. ಅಂಗಡಿಯಲ್ಲಿ ಅತ್ತಿಂದಿತ್ತ ಓಡಾಡಿದರು. ಬಾಗಿಲ ಹತ್ತಿರ ಹೋಗಿ ರಸ್ತೆ ನೋಡಿದರು, ಅರ್ಧ ಶಟರ್ ಕೆಳಗೆಳೆದರು. ಆಮೇಲೆ ನನ್ನ ಬಿಳಿ ಮೋಡವನ್ನು ಕಾಲಿಂದ ತಳ್ಳಿಕೊಂಡು ಮಷೀನಿನ ಪಕ್ಕಕ್ಕೆ ಬಂದು ಕೂತರು.

"ಆಮೇಲೆ ಕ್ಷೌರದವನು ಚಿಕ್ಕಮ್ಮನಿಗೆ ಏನಂದ?"

ನಾನು ಪೆಡಲಿನಿಂದ ಕಾಲು ತೆಗೆದೆ.