ಮೀನು ಮುಟ್ಟಿಸದ ಡಬ್ಬಿ

'ಇದೊಂದು ಇರಲಿ' ಎಂದು ಗವಿಸಿದ್ದೇಶ ಬಾಯಿ ತೆರೆಯುವಷ್ಟರಲ್ಲಿ ಅಕ್ಬರಸಾಬ ಮೀನನ್ನು ಗಾಳದಿಂದ ಬಿಡಿಸಿ ನೀರಿಗೆ ಬಿಟ್ಟಾಗಿತ್ತು.

"ಬದಕ್ಕೋ ಹೋಗಲೇ, ಸರ್ರ ಪುಣ್ಯಾದಿಂದ!"

ತೆಪ್ಪ ತುಸು ಅಲುಗಿತು. ಡಂಬಳದ ಕೆರೆ ಮತ್ತೆ ಮುಚ್ಚಿಕೊಂಡಿತು.

"ದೊಡ್ಡದಿತ್ತು," ಎಂದ ಗವಿಸಿದ್ದೇಶ.

"ದೊಡ್ಡದ ಇತ್ರಿ. ನೀವು ಹಿಡದದ್ದು ಬಿಡೋದ ಅಲ್ರಿ ಮತ್ತ?"

ಹೌದು. ರವಿವಾರ ಬಂದರೆ ಗದಗಿನಿಂದ ಬಸ್ಸು ಹತ್ತುವುದು, ಅಕ್ಬರಸಾಬನ ತೆಪ್ಪದಲ್ಲಿ ಕೂರುವುದು, ಹಿಡಿಯುವುದು, ಬಿಡುವುದು. ಹಿಡಿಯುವುದು ತನ್ನ ಖುಷಿಗೆ. ಬಿಡುವುದು ಕುಲದ ಖುಷಿಗೆ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವನಿಗೆ ಇದು ತಿಳಿಯದ್ದೇನಲ್ಲ. ಹೆಂಡತಿ ನೆರೆಯವರಿಗೆ ಹೆಮ್ಮೆಯಿಂದಲೇ ಹೇಳುತ್ತಿದ್ದಳು: "ನಮ್ಮ ಮನಿಯವ್ರು ಬರೇ ಆಡಿಸ್ತಾರ. ಪಾಪ, ತಿನ್ನೂದಿಲ್ಲ."

ಇಂದು ಮಾತ್ರ, ಅಕ್ಬರಸಾಬ ಮತ್ತು ಅವನ ಹೆಂಡತಿ ಕೂಡಿ ಉಣ್ಣುವ ಒಂದೇ ಅಗಲ ಪರಾತದ ಮೀನಸಾರಿನಲ್ಲಿ ತನ್ನ ರೊಟ್ಟಿಯನ್ನೂ ಒಮ್ಮೆ ಅದ್ದಬೇಕೆಂದು ನಿರ್ಧರಿಸಿಕೊಂಡೇ ಬಂದಿದ್ದ. ಮೀನಿನ ಆಸೆಯಲ್ಲ. ಪರಾತದ ಸುತ್ತ ಕೂತಾಗ ಅವರ ಮೊಣಕಾಲುಗಳು ತಾಗುತ್ತಿದ್ದವು. ಅವನದು ಯಾರಿಗೂ ತಾಗುತ್ತಿರಲಿಲ್ಲ.

ತೆಪ್ಪ ದಂಡೆಗೆ ಬಂದಾಗ ಬೇವಿನ ನೆರಳಲ್ಲಿ ಅಕ್ಬರಸಾಬನ ಹೆಂಡತಿ ರೋಶನಬಿ ಬುತ್ತಿ ಬಿಚ್ಚಿದ್ದಳು. ಮೀನಸಾರಿನ ಹುಳಿ ಗಾಳಿಯಲ್ಲಿತ್ತು.

"ಇವತ್ತ ನನಗೂ ಅದನ್ನ ಹಾಕ್ರಿ, ಅಕ್ಕಾರ." ದನಿ ತರಗತಿಯಲ್ಲಿ ಹಾಜರಿ ಕೂಗಿದಂತೆ ಬಂತು.

ಇಬ್ಬರೂ ನಕ್ಕರು.

"ಯಾಕ್ರಿ ಸರ್ರ, ನನ್ನ ಎಣಗಾಯಿ ಬ್ಯಾಸರಾತೇನ್ರಿ?"

"ಹಂಗಲ್ಲ."

"ಮನಿಯಾಗ ಜಗಳೇನಾರ ಆತೇನ್ರಿ?" ಅಕ್ಬರಸಾಬ ಕಣ್ಣು ಮಿಟುಕಿಸಿದ.

"ಇಲ್ಲ. ಸುಮ್ಮನ."

"ಲಿಂಗಾ ಕಟ್ಟಿದವರು, ಸುಮ್ಮಸುಮ್ಮನ ಕೆಡತಾರೇನ್ರಿ!" ಎಂದಳು ರೋಶನಬಿ. "ನಮ್ಮನ್ನ ನಂಬಿ ಬರ್ತೀರಿ. ನಮ್ಮ ಕೈಯಿಂದ ಅದು ಆಗಬಾರ್ದ್ರಿ."

ಚೀಲದಿಂದ ಹೊಸ ಸ್ಟೀಲ್ ಡಬ್ಬಿ ತೆಗೆದು ಅವನ ಮುಂದಿಟ್ಟಳು. "ನಿಮಗಂತನ ಮುಂಡರಗಿಯಿಂದ ತಂದೇನ್ರಿ. ಮೀನ ಮುಟ್ಟಿಸಿಲ್ಲ, ಖರೇನ. ತಳದಾಗ ನಿಮ್ಮ ಹೆಸರು ಕೊರಿಸೇನಿ. ಉಣಕೋತ ಓದ್ರಿ."

ಗವಿಸಿದ್ದೇಶ ಡಬ್ಬಿಯನ್ನು ಎರಡೂ ಕೈಯಿಂದ ತೆಗೆದುಕೊಂಡ. ಇಷ್ಟು ಕಾಳಜಿಯಿಂದ ಅವನನ್ನು ಯಾರೂ ದೂರ ಇಟ್ಟಿರಲಿಲ್ಲ.

ಉಂಡ. ಎಣಗಾಯಿಗೆ ಗುರೆಳ್ಳು ಪುಡಿ ಹದವಾಗಿ ಬಿದ್ದಿತ್ತು. ಅನ್ನದ ಕೆಳಗಿನಿಂದ ಒಂದೊಂದೇ ಅಕ್ಷರ ಕಾಣಿಸಿಕೊಂಡಿತು. ಹೊಟ್ಟೆ ತುಂಬಿತು, ನೆರಳು ತಂಪಾಗಿತ್ತು. ದೂರಲು ಏನೂ ಇರಲಿಲ್ಲ.

ಡಬ್ಬಿ ತೊಳೆಯಲು ತಾನೇ ನೀರಿಗಿಳಿದ. ಮುಳುಗಿಸಿ ಹಿಡಿದ. ಎಲ್ಲಿಂದಲೋ ಕಡ್ಡಿಯಷ್ಟು ಸಣ್ಣ ಮೀನುಗಳು ಬಂದು ಅಂಚಿನಲ್ಲಿ ಅನುಮಾನಿಸಿದವು. ಆಮೇಲೆ ಒಳಗೇ ನುಗ್ಗಿ ಹೆಸರಿಗೆ ಅಂಟಿದ್ದ ಅಗುಳುಗಳನ್ನು ಕುಕ್ಕತೊಡಗಿದವು.

"ಅಲ್ಲೇ ಇಡ್ರಿ ಸರ್ರ, ನಾ ತೊಳೀತೀನಿ!" ರೋಶನಬಿ ಮೇಲಿನಿಂದ ಕೂಗಿದಳು.

ಅವನು ಅಲುಗಲಿಲ್ಲ. ಕೈ ಜೋಮು ಹಿಡಿಯಿತು. ಅಗುಳು ಮುಗಿದವು, ಮೀನುಗಳು ಹೊರಟವು. ಒಂದು ಮಾತ್ರ ಹಿಂದೆ ಉಳಿದು ಅವನ ಹೆಬ್ಬೆರಳನ್ನು ಕುಕ್ಕಿ ನೋಡುತ್ತಿತ್ತು.