ಪಾಶಾನ ತಾರೀಖುಗಳು

ಸುನಂದಾ ದಪ್ಪ ಕಡತವನ್ನು ಗಂಡನ ಪಾದಗಳ ಪಕ್ಕ ಇಡಲು ಬಗ್ಗಿದಾಗ ಮಗಳು ಅನಘಾ ಕೈ ಹಿಡಿದಳು.

"ಅಮ್ಮಾ, ಅಪ್ಪನ ಇಪ್ಪತ್ತು ವರ್ಷದ ಕೆಲಸ ಅದು."

"ಯಾರು ಓದ್ತಾರೆ ಹೇಳು? ಪ್ರಿಂಟ್ ಅಂತೂ ಆಗ್ಲಿಲ್ಲ. ಅವರ ಪಾಶಾ ಅವರ ಜೊತೆಗೇ ಹೋಗ್ಲಿ."

ಸೆಂಗ್‌ಕಾಂಗ್‌ನ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗ, ಆ ವಾಯ್ಡ್ ಡೆಕ್‌ನಲ್ಲಿ ಶವಪೆಟ್ಟಿಗೆ ಇನ್ನೂ ಮುಚ್ಚಿರಲಿಲ್ಲ. ಮಂಡಾಯಿ ಚಿತಾಗಾರದಲ್ಲಿ ಮೂರು ಗಂಟೆಗೆ ಸ್ಲಾಟ್. ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ ಬದರಿನಾಥ್ ಎದ್ದು ಬಂದರು. ಒಂಬತ್ತು ವರ್ಷಗಳಿಂದ ಅವರು ಈ ಗೆಳೆಯನ ಮನೆಯ ಕಡೆ ತಲೆಹಾಕಿರಲಿಲ್ಲ.

"ಸುನಂದಾ ಅವ್ರೇ, ಒಂದ್ಸಲ ನಾನು ನೋಡ್ಲಾ?"

"ಆವತ್ತು ನೋಡಿದ್ದು ಸಾಕಾಗ್ಲಿಲ್ವಾ?"

*

ಆವತ್ತು ಅಂದರೆ 2006ರಲ್ಲಿ, ಟೋವಾ ಪಾಯೋದ ಕನ್ನಡಿಗರ ಕೂಟದಲ್ಲಿ. ಗ್ರಂಥಾಲಯದ ಕೆಲಸದಿಂದ ನಿವೃತ್ತರಾಗಿದ್ದ ಸುನಂದಾರ ಗಂಡ ದ್ವಾರಕನಾಥ್, ತಾವು ಬರೆದ ನುಸ್ರತ್ ಸಾಬಿತ್ ಪಾಶಾನ ಜೀವನಚರಿತ್ರೆ ಓದುತ್ತಿದ್ದರು. ತುರ್ಕಿ ಸುಲ್ತಾನರ ಕೊನೆಗಾಲದಲ್ಲಿ ಅನುವಾದ ಕಚೇರಿಯ ಗುಮಾಸ್ತನಾಗಿ ಸೇರಿ, ವಿಯೆನ್ನಾದ ರಾಯಭಾರಿಯಾಗಿ, ಮಂತ್ರಿಯಾಗಿ, ಗಡಿಪಾರಾಗಿ ಸತ್ತವನು. ಭೌತಶಾಸ್ತ್ರದ ಮೇಷ್ಟ್ರಾದ ಬದರಿನಾಥ್ ಕೈ ಎತ್ತಿದರು.

"ದ್ವಾರ್ಕಿ, ಅಪಾಯಿಂಟ್ ಆಗೋಕೆ ಒಂದು ವರ್ಷ ಮುಂಚೇನೇ ನಿನ್ನ ಪಾಶಾ ವಿಯೆನ್ನಾದಿಂದ ಕಾಗದ ಬರ್ದಿದ್ದಾನಲ್ಲೋ! ಅಡ್ವಾನ್ಸ್ ಬುಕಿಂಗಾ?"

ಸಭೆಯೆಲ್ಲ ನಕ್ಕಿತು. ಪಾಶಾನ ಕಾಲದಲ್ಲಿ ಅರಮನೆಯ ದಾಖಲೆಗಳಿಗೆ ಚಾಂದ್ರಮಾನ, ಕಚೇರಿಯ ಕಾಗದಗಳಿಗೆ ಸೌರಮಾನ. ಎರಡರ ಇಸವಿಗಳೂ ಬೇರೆ. ದ್ವಾರಕನಾಥ್ ಎಲ್ಲವನ್ನೂ ಚಾಂದ್ರಮಾನವೆಂದೇ ಲೆಕ್ಕ ಹಾಕಿದ್ದರು; ಕಾಗದಗಳ ತಾರೀಖು ಹಿಂದಕ್ಕೆ ಸರಿದಿತ್ತು. ಅವರು ಕಡತ ಮುಚ್ಚಿ ಕುಳಿತರು. ಫೋನ್ ಮಾಡಬೇಕೆಂದು ಬದರಿನಾಥ್ ಆ ವಾರ ಅಂದುಕೊಂಡರು, ಮುಂದಿನ ವಾರವೂ ಅಂದುಕೊಂಡರು.

*

ಪೆಟ್ಟಿಗೆ ಮುಚ್ಚುವ ಮೊದಲು ಸುನಂದಾ ಕಡತವನ್ನು ಬದರಿನಾಥರ ಕೈಗಿಟ್ಟರು. "ಬಸ್ಸಲ್ಲಿ ನೋಡಿ. ಮಂಡಾಯಿಲಿ ವಾಪಸ್ ಕೊಟ್ಬಿಡಿ, ಅಲ್ಲೇ ಪೆಟ್ಟಿಗೆ ಮೇಲಿಟ್ಟು ಕಳಿಸ್ತೀನಿ."

ಬಸ್ಸಿನಲ್ಲಿ ಬದರಿನಾಥ್ ತೆರೆದು ನೋಡಿದರೆ, ಕಚೇರಿ ಕಾಗದಗಳ ಪ್ರತಿ ತಾರೀಖನ್ನೂ ಹೊಡೆದುಹಾಕಿ ಹೊಸದು ಬರೆದಿತ್ತು. ಅಂಚಿನಲ್ಲಿ ಎರಡೂ ಪಂಚಾಂಗಗಳ ಲೆಕ್ಕ. ಪ್ರತಿ ಅಧ್ಯಾಯದ ಕೊನೆಗೆ ಸ್ಕೇಲ್ ಇಟ್ಟು ಎಳೆದ ಚೌಕ, ಅದರ ಮೇಲೆ 'ಬದರಿ ನೋಡಿದ್ದು.' ಹದಿನೇಳು ಚೌಕಗಳೂ ಖಾಲಿ.

"ಅಂಕಲ್, ನಿಮಗೆ ಫೋನ್ ಮಾಡಿ ಅಂತ ಎಷ್ಟು ಸಲ ಹೇಳ್ದೆ," ಪಕ್ಕದ ಸೀಟಿನಿಂದ ಅನಘಾ ಅಂದಳು. "'ಅವನೇ ಬರ್ತಾನೆ ಬಿಡು' ಅಂತಿದ್ರು."

ಬದರಿನಾಥ್ ಜೇಬಿನಿಂದ ಪೆನ್ಸಿಲ್ ತೆಗೆದರು.

ಮಂಡಾಯಿಯಲ್ಲಿ ಬಸ್ಸು ನಿಂತು ಉಳಿದವರೆಲ್ಲ ಇಳಿದರು. ಸುನಂದಾ ಬಂದು ಕೈ ಚಾಚಿದರು. "ಕೊಡಿ."

ಬದರಿನಾಥ್ ತಲೆ ಎತ್ತಲಿಲ್ಲ. ಒಂದು ಕೂಡುವ ಲೆಕ್ಕವನ್ನು ಮತ್ತೊಮ್ಮೆ ಮಾಡಿ, ಎರಡನೆಯ ಚೌಕದಲ್ಲಿ ಸಹಿ ಹಾಕಿ, ಪುಟ ತಿರುವಿದರು.

ಸುನಂದಾ ಚಾಚಿದ ಕೈಯನ್ನು ಹಾಗೇ ಮೇಲೆತ್ತಿ, ಅವರ ಸೀಟಿನ ಮೇಲ್ಗಡೆಯಿದ್ದ ಓದುವ ದೀಪದ ಗುಂಡಿ ಒತ್ತಿದರು.